ಕಲ್ಲಿನ ಪಕ್ಕದ ಕಲ್ಲು

ನಮ್ಮ ಹಳ್ಳಿಗಳಲ್ಲಿ ವಂಶವೃಕ್ಷದ ನೆನಪಾಗುವುದು ಪೌತಿ ಖಾತೆ ಮಾಡಿಸಲು ಹೊರಟಾಗ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅಜ್ಜನ ಹೆಸರೇ ಕುಳಿತಿರುತ್ತದೆ. ನಾಡಕಚೇರಿಗೆ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ವರದಿ, ಊರಿನವರ ಸಾಕ್ಷಿ, ಅಣ್ಣತಮ್ಮಂದಿರ ಮುನಿಸು ಎಲ್ಲ ದಾಟಿ ಕೈಗೆ ಬರುವ ಹಾಳೆಯಲ್ಲಿ ಮೂರು ತಲೆಮಾರು ಇದ್ದರೆ ಹೆಚ್ಚು. ಅದರಾಚೆ ಕೇಳಿದರೆ ‘ಮುತ್ತಾತ ಆ ಕಡೆಯಿಂದ ಬಂದೋರಂತೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯಲ್ಲಿ ಸತ್ತ ಅಜ್ಜಿಯ ಮರಣದ ತಾರೀಖು ಕಾಗದದ ಮೇಲೆ ಸಿಕ್ಕರೆ ಅದು ಪುಣ್ಯ. ಸಿಗದಿದ್ದರೆ ಉಳಿಯುವುದು ಹೊಲದ ಮೂಲೆಯ ಗುಡ್ಡೆ, ಅದರ ತಲೆದೆಸೆಗೆ ನೆಟ್ಟ ಒಂದು ಕಲ್ಲು.

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಇಂಥ ಕಲ್ಲುಗಳನ್ನು ಹುಡುಕಿಕೊಂಡು ಹೋಗುವುದು ದೊಡ್ಡ ಹವ್ಯಾಸ. ಭಾನುವಾರ ಬಂದರೆ ಸಾಕು, ಬುತ್ತಿ ಕಟ್ಟಿಕೊಂಡು, ಕ್ಯಾಮೆರಾ ಹೆಗಲಿಗೇರಿಸಿ, ಯಾವುದೋ ಹಳ್ಳಿಯ ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೊರಡುವವರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಹುಡುಕುವುದು ತಮ್ಮ ಅಜ್ಜನನ್ನಲ್ಲ, ಸಾವಿರಾರು ಮೈಲಿ ದೂರದಲ್ಲಿ ಕುಳಿತ ಅಪರಿಚಿತರೊಬ್ಬರ ಅಜ್ಜನನ್ನು. ಸಾಲ್ಟ್ ಲೇಕ್ ಸಿಟಿಯ ಜಿಮ್ ಟಿಪ್ಟನ್ ಎಂಬಾತ ಪ್ರಸಿದ್ಧರ ಸಮಾಧಿ ನೋಡುವ ತನ್ನ ಹುಚ್ಚಿಗಾಗಿ 1995ರಲ್ಲಿ ಶುರು ಮಾಡಿದ ‘ಫೈಂಡ್ ಎ ಗ್ರೇವ್’ ಎಂಬ ತಾಣದಲ್ಲಿ ಈಗ 20 ಕೋಟಿಗೂ ಹೆಚ್ಚು ಮೃತರ ಪುಟಗಳಿವೆ. ‘ನನ್ನ ಮುತ್ತಜ್ಜಿಯ ಕಲ್ಲಿನ ಫೋಟೊ ಬೇಕಿತ್ತು’ ಎಂದು ಒಬ್ಬರು ಬರೆದರೆ, ಆ ಊರಿನ ಹತ್ತಿರವಿರುವ ಮತ್ತೊಬ್ಬರು ಹೋಗಿ ತೆಗೆದು ಹಾಕುತ್ತಾರೆ. ಕಾಸಿಲ್ಲ, ಕರಾರಿಲ್ಲ. 2011ರಲ್ಲಿ ಬಂದ ‘ಬಿಲಿಯನ್‌ಗ್ರೇವ್ಸ್’ ಪ್ರತಿ ಚಿತ್ರದ ಜತೆ ಜಿಪಿಎಸ್ ಗುರುತನ್ನೂ ಸೇರಿಸಿತು. ಮಾರ್ಮನ್ ಪಂಥದ ನೆಲೆಯಾದ ಸಾಲ್ಟ್ ಲೇಕ್ ಸಿಟಿಯಲ್ಲೇ ಈ ಹುಚ್ಚು ಹುಟ್ಟಿದ್ದು ಆಕಸ್ಮಿಕವಲ್ಲ. ಆ ಪಂಥದವರು ಸತ್ತ ಪೂರ್ವಜರ ಹೆಸರಿನಲ್ಲೂ ದೀಕ್ಷಾಸ್ನಾನ ಮಾಡಿಸುತ್ತಾರೆ. ಅದಕ್ಕೆ ಪೂರ್ವಜರ ಹೆಸರು ಗೊತ್ತಿರಬೇಕು. 1894ರಲ್ಲೇ ಅವರು ವಂಶಾವಳಿ ಸಂಘ ಕಟ್ಟಿದರು, ಜಗತ್ತಿನ ಚರ್ಚು–ಕಚೇರಿಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿ ಬೆಟ್ಟ ಕೊರೆದ ಕೋಣೆಗಳಲ್ಲಿ ಇಟ್ಟರು.

ಈ ಹುಡುಕಾಟದ ಒಂದು ಕವಲು ನಮ್ಮಲ್ಲಿಗೂ ಬಂದು ಮುಟ್ಟುತ್ತದೆ. ಹೀಗೆ ಹುಡುಕುವವರ ಅಜ್ಜ ಮುತ್ತಜ್ಜಂದಿರಲ್ಲಿ ಅನೇಕರು ಮಲಗಿರುವುದು ನಮ್ಮ ಊರುಗಳಲ್ಲಿ.

ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಶ್ರೀರಂಗಪಟ್ಟಣದ ಕಾವೇರಿ ದಂಡೆಯ ಹತ್ತಿರ ಒಂದು ಹಳೆಯ ಸ್ಮಶಾನವಿದೆ. ಗ್ಯಾರಿಸನ್ ಸಿಮೆಟ್ರಿ ಎನ್ನುತ್ತಾರೆ. ಗುಂಬಜ್, ದರಿಯಾ ದೌಲತ್ ನೋಡಲು ಬರುವ ಪ್ರವಾಸಿಗರಲ್ಲಿ ಇತ್ತ ತಿರುಗುವವರು ಕಡಿಮೆ. ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ ಸುಮಾರು 300 ಸಮಾಧಿಗಳು. ಕೆಲವಕ್ಕೆ ಚೂಪು ಕಂಬ, ಕೆಲವಕ್ಕೆ ಪೆಟ್ಟಿಗೆಯಾಕಾರ, ಕೆಲವು ಮೊಣಕಾಲೆತ್ತರವೂ ಇಲ್ಲ. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದ ಮೇಲೆ ಇಲ್ಲಿ ಬೀಡುಬಿಟ್ಟ ಬ್ರಿಟಿಷ್ ದಂಡಿನವರು, ಅವರ ಹೆಂಡತಿಯರು, ಮಕ್ಕಳು ಇಲ್ಲಿದ್ದಾರೆ. ಹೆಚ್ಚಿನವರನ್ನು ಕೊಂದದ್ದು ಗುಂಡು–ಕತ್ತಿಗಳಲ್ಲ, ಜ್ವರ. ದ್ವೀಪದ ಜ್ವರಕ್ಕೆ ಹೆದರಿ ದಂಡು 1809ರಲ್ಲಿ ಬೆಂಗಳೂರಿಗೆ ಜಾಗ ಬದಲಿಸಿತು. ಹಲಸೂರಿನ ಸುತ್ತ ಕಂಟೋನ್ಮೆಂಟ್ ಬೆಳೆದದ್ದರ ಹಿಂದೆ ಈ ಸಮಾಧಿಗಳ ಸಾಲೂ ಇದೆ.

ಇಲ್ಲಿರುವವರೆಲ್ಲ ಇಂಗ್ಲಿಷರಲ್ಲ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಶಾರ್ಲ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ಬಾಡಿಗೆ ಪಡೆ ಕಟ್ಟಿದ. ಅದು ಆಫ್ರಿಕಾದ ಕೇಪ್‌ಗೆ ಹೋಯಿತು, ಸಿಲೋನಿಗೆ ಬಂತು. 1795ರಲ್ಲಿ ಸಂಬಳದ ಬಾಕಿಯ ಜಗಳದ ನಡುವೆ ಪಡೆಗೆ ಪಡೆಯೇ ಬ್ರಿಟಿಷರ ಕಡೆ ವಾಲಿತು. ನಾಲ್ಕು ವರ್ಷ ಕಳೆದು ಅದೇ ಪಡೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ನಿಂತಿತ್ತು. 1806ರಲ್ಲಿ ಭಾರತ ಬಿಟ್ಟ ಪಡೆ 1813ರಲ್ಲಿ ಕೆನಡಾ ಸೇರಿತು. 1816ರಲ್ಲಿ ವಿಸರ್ಜನೆಯಾದಾಗ ಕೆಲವರು ಅಲ್ಲಿನ ರೆಡ್ ರಿವರ್ ಬಯಲಿನಲ್ಲೇ ನೆಲೆ ನಿಂತರು. ಹೀಗೆ ಒಂದೇ ಮನೆತನದ ಅಣ್ಣತಮ್ಮಂದಿರಲ್ಲಿ ಒಬ್ಬನ ಮನೆ ನ್ಯೂಶಾಟೆಲ್‌ನಲ್ಲಿ, ಒಬ್ಬನ ಗೋರಿ ಕಾವೇರಿ ದಂಡೆಯಲ್ಲಿ, ಮತ್ತೊಬ್ಬನ ಹೊಲ ಕೆನಡಾದಲ್ಲಿ ಎಂಬಂಥ ವಂಶಾವಳಿ ಸಾಧ್ಯವಾಯಿತು. ಪೊದೆ ಬೆಳೆದು, ಗಾರೆ ಉದುರಿ ಹಾಳುಬಿದ್ದಿದ್ದ ಈ ಸ್ಮಶಾನ ಈ ಶತಮಾನದ ಮೊದಲ ದಶಕದಲ್ಲಿ ದುರಸ್ತಿಯಾದದ್ದು ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ವಂಶದವರ ಮುತುವರ್ಜಿಯಿಂದ.

ಇಂಥ ಜಾಗಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಹೋದವರಿಗೆ ಕಾಣುವುದು ಬರಿಯ ಬೋಳು ಫಲಕ. ನೆತ್ತಿಯ ಸೂರ್ಯ ಮಲಗಿಸಿದ ಫಲಕದ ಅಕ್ಷರವನ್ನು ನುಂಗುತ್ತಾನೆ. ಸವೆದ ಅಕ್ಷರ ಓದಲು ಬೇಕಾದದ್ದು ಓರೆ ಬೆಳಕು. ಬೆಳಗ್ಗೆ ಏಳೆಂಟರ ಬಿಸಿಲು, ಇಲ್ಲವೇ ಸಂಜೆ ಐದರದು. ಅದೂ ಕಲ್ಲಿನ ಮುಖಕ್ಕೆ ಪಕ್ಕದಿಂದ ಓರೆಯಾಗಿ ಬಿಸಿಲು ಸಿಕ್ಕರೆ ಮಾತ್ರ. ಸಿಗದಿದ್ದರೆ ಕನ್ನಡಿ. ಕ್ಷೌರದಂಗಡಿಯಲ್ಲಿರುವಂಥ ಮಾರುದ್ದದ ಕನ್ನಡಿಯೊಂದನ್ನು ಜತೆಗಾರರು ಬಿಸಿಲಿನಲ್ಲಿ ಹಿಡಿದು, ಬೆಳಕನ್ನು ಫಲಕದ ಮೈಗೆ ಸವರಿದಂತೆ ಬೀಳಿಸಬೇಕು. ಫಲಕಕ್ಕೆ ಎದುರಾಗಿ ಬಿಟ್ಟರೆ ಕಣ್ಣು ಕೋರೈಸುತ್ತದೆ, ಅಕ್ಷರ ಏಳುವುದಿಲ್ಲ. ಕನ್ನಡಿಯನ್ನು ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ ಸರಿಸುತ್ತ ಹೋದಾಗ ಒಂದು ಹಂತದಲ್ಲಿ ಗುಳಿಗಳೊಳಗೆ ನೆರಳು ತುಂಬಿಕೊಂಡು ಹೆಸರಿನ ಮೊದಲಕ್ಷರ ಮೇಲೇಳುತ್ತದೆ.

ಇಲ್ಲೊಂದು ಸೂಕ್ಷ್ಮ. ಎಡದಿಂದ ಬಂದ ಬೆಳಕು ನೆಟ್ಟಗಿನ ಗೀಟುಗಳನ್ನು ತೋರಿಸುತ್ತದೆ, ಅಡ್ಡ ಗೀಟುಗಳನ್ನು ಮುಚ್ಚಿಡುತ್ತದೆ. ಮೇಲಿನಿಂದ ಬಂದ ಬೆಳಕಿನದು ಇದರ ತದ್ವಿರುದ್ಧ. 1817 ಎಂಬ ಇಸವಿಯಲ್ಲಿ ಕೊನೆಯದು 7 ಹೌದೋ 1 ಹೌದೋ ಎಂಬ ಗುಮಾನಿ ಬಂದರೆ ಬೆಳಕು ಮೇಲಿನಿಂದಲೇ ಬರಬೇಕು. 7ರ ತಲೆಯ ಅಡ್ಡಗೀಟು ಪಕ್ಕದ ಬೆಳಕಿಗೆ ಸಿಗುವುದೇ ಇಲ್ಲ. ಆದ್ದರಿಂದ ಒಂದೇ ಫಲಕಕ್ಕೆ ಎಡದಿಂದೊಂದು, ಬಲದಿಂದೊಂದು, ಮೇಲಿನಿಂದೊಂದು ಚಿತ್ರ ತೆಗೆಯುವುದು ರೂಢಿ. ಮರದ ನೆರಳಿದ್ದರೆ ಕಪ್ಪು ಕೊಡೆ ಹಿಡಿದು ಇನ್ನಷ್ಟು ಕತ್ತಲು ಮಾಡಿ ಟಾರ್ಚ್ ಬಿಡುವವರಿದ್ದಾರೆ. ಇದೇ ತತ್ವವನ್ನು ಕಂಪ್ಯೂಟರಿಗೆ ಕಲಿಸಿದ್ದು ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ 2001ರಲ್ಲಿ ತೋರಿಸಿಕೊಟ್ಟ ವಿಧಾನ. ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಬೆಳಕನ್ನು ಮಾತ್ರ ಸುತ್ತ ತಿರುಗಿಸುತ್ತ ಹತ್ತಾರು ಚಿತ್ರ ತೆಗೆದು ಒಟ್ಟುಗೂಡಿಸಿದರೆ, ಆಮೇಲೆ ಮನೆಯಲ್ಲಿ ಕುಳಿತು ಮೌಸಿನಿಂದಲೇ ಬೆಳಕನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿ ಓದಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಮುತ್ತಲ ಕನ್ನಡ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿರುವುದೂ ಈ ಹಾದಿಯ ಕೆಲಸವೇ.

ಮಾಡಬಾರದ ಕೆಲಸಗಳೂ ಇವೆ. ಹಿತ್ತಾಳೆ ಪಾತ್ರೆ ಬೆಳಗುವ ಅಭ್ಯಾಸದಲ್ಲಿ ಕೆಲವರು ಅಮೃತಶಿಲೆಗೂ ಹುಣಸೆಹಣ್ಣು, ನಿಂಬೆ ತಿಕ್ಕುತ್ತಾರೆ. ಅಮೃತಶಿಲೆ ಸುಣ್ಣದ ಕಲ್ಲಿನ ಜಾತಿ, ಹುಳಿಗೆ ಕರಗುತ್ತದೆ. ಅಳಿದುಳಿದ ಅಕ್ಷರವೂ ಅದರ ಜತೆಗೇ ಹೋಗುತ್ತದೆ. ತಂತಿ ಬ್ರಷ್, ಬ್ಲೀಚಿಂಗ್ ಪುಡಿ, ಶೇವಿಂಗ್ ಕ್ರೀಮು, ಸೀಮೆಸುಣ್ಣ, ರಂಗೋಲಿ ಪುಡಿ ಇವು ಯಾವುವೂ ಕೂಡದು. ಶಾಸನ ತಜ್ಞರು ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದನ್ನು ನೋಡಿ ತಾನೂ ಮಾಡುತ್ತೇನೆ ಎಂದು ಹೊರಡುವುದೂ ತರವಲ್ಲ, ಅದಕ್ಕೆ ಕೈ ಪಳಗಿರಬೇಕು. ಮೆತ್ತನೆಯ ನಾರಿನ ಬ್ರಷ್, ಬರಿ ನೀರು, ತಾಳ್ಮೆ ಇಷ್ಟು ಸಾಕು. ಚಕ್ಕೆ ಏಳುತ್ತಿರುವ ಕಲ್ಲಿಗೆ ಅದೂ ಬೇಡ. ಸೀಸದ ಅಕ್ಷರ ಕೂರಿಸಿದ ಫಲಕಗಳಲ್ಲಿ ಸೀಸವನ್ನು ಯಾರೋ ಕಿತ್ತು ಮಾರಿರುತ್ತಾರೆ. ಆದರೂ ಅಕ್ಷರ ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ಆ ತೂತುಗಳನ್ನು ಗೆರೆಯಿಂದ ಸೇರಿಸುತ್ತ ಹೋದರೆ ಹೆಸರು ಮರಳಿ ಬರುತ್ತದೆ.

ಹೀಗೆ ಹೆಸರೊಂದು ಓದಲು ಬಂತು ಎಂದರೆ ಸಂತೋಷವಾಗುತ್ತದೆ. ಹೆಚ್ಚಿನವರು ಅಲ್ಲಿಗೇ ಫೋಟೊ ತೆಗೆದು, ತಾಣಕ್ಕೆ ಏರಿಸಿ ಮುಂದಕ್ಕೆ ಹೋಗುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಅಕ್ಷರ ತುಂಬಿದ ಫಲಕದ ಹತ್ತಿರದ ಚಿತ್ರ ಒಂದೇ ಇದ್ದರೆ ಅದು ಮದುವೆ ಆಲ್ಬಮ್ಮಿನಿಂದ ವರನ ಮುಖ ಮಾತ್ರ ಕತ್ತರಿಸಿ ಇಟ್ಟುಕೊಂಡ ಹಾಗೆ. ವಂಶಾವಳಿಗೆ ಬೇಕಾದ ಸಂಗತಿ ಬಹಳ ಸಲ ಇರುವುದು ಪಕ್ಕದ ಕಲ್ಲಿನಲ್ಲಿ, ಪಕ್ಕದ ಬರಹವಿಲ್ಲದ ಗುಡ್ಡೆಯಲ್ಲಿ, ಎರಡರ ನಡುವೆ ಬಿಟ್ಟ ಜಾಗದಲ್ಲಿ.

ತಾಯಿಯೊಬ್ಬಳ ಸಮಾಧಿ ಇದೆ, ಅದರ ಮಗ್ಗುಲಲ್ಲೇ ಹೆಸರಿಲ್ಲದ ಮೊಳದುದ್ದದ ಇಟ್ಟಿಗೆ ದಿಬ್ಬ ಇದೆ ಎಂದರೆ ಹೆರಿಗೆಯ ಸಾವು ಎಂದು ಊಹಿಸಬಹುದು. ಚರ್ಚಿನ ರಿಜಿಸ್ಟರಿನಲ್ಲಿ ಯಾವ ವಾರವನ್ನು ತಿರುವಿ ನೋಡಬೇಕೆಂದು ಆಗ ಗೊತ್ತಾಗುತ್ತದೆ. ಒಂದೇ ಸಾಲಿನ ಐದಾರು ಕಲ್ಲುಗಳಲ್ಲಿ ಒಂದೇ ತಿಂಗಳು ಕಂಡರೆ ಕಾಲರಾ ಇರಬಹುದು. ಒಬ್ಬನ ಎಡಕ್ಕೊಬ್ಬ, ಬಲಕ್ಕೊಬ್ಬ ಹೆಂಡತಿ, ಇಬ್ಬರ ತವರಿನ ಮನೆತನದ ಹೆಸರೂ ಒಂದೇ ಎಂದರೆ ಕಲ್ಲುಕುಟಿಗ ತಪ್ಪಿದ ಎನ್ನುವ ಆತುರ ಬೇಡ. ಕನ್ನಡ ನಿಘಂಟಿನ ಕಿಟೆಲ್ ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ಸಹೋದರಿಯನ್ನೇ ಮದುವೆಯಾದರು. ಜರ್ಮನ್ ಮಿಷನರಿಗಳಿಗೆ ಅದು ಸಾಧ್ಯವಿತ್ತು. ಬ್ರಿಟನ್ನಿನ ಕಾನೂನು ಸತ್ತ ಹೆಂಡತಿಯ ಅಕ್ಕತಂಗಿಯರೊಂದಿಗಿನ ಮದುವೆಗೆ ಒಪ್ಪಿದ್ದು 1907ರಲ್ಲಿ. ಆದ್ದರಿಂದ ಅದೇ ಬಗೆಯ ಸಾಲು ಹಳೆಯ ಇಂಗ್ಲಿಷ್ ಸ್ಮಶಾನದಲ್ಲಿ ಕಂಡರೆ ಬೇರೆ ವಿವರಣೆಯನ್ನೂ ಹುಡುಕಬೇಕು, ದಾಯಾದಿ ಮನೆಯವಳೋ ಏನೋ.

ಹಾಗಾಗಿ ಗೇಟಿನಿಂದಲೇ ಚಿತ್ರ ಶುರುವಾಗಲಿ. ಇಡೀ ಸ್ಮಶಾನದ್ದೊಂದು, ಸಾಲಿನದ್ದೊಂದು, ಅಕ್ಕಪಕ್ಕದ ಎರಡೆರಡು ಸಮಾಧಿ ಬರುವಂತೆ ಒಂದು, ಆಮೇಲೆ ಫಲಕ. ಹಿಂಬದಿಯನ್ನೂ ಬುಡವನ್ನೂ ಬಿಡಬಾರದು. ಬುಡದಲ್ಲಿ ಕೆಲವೊಮ್ಮೆ ಕಲ್ಲು ಕೆತ್ತಿದ ಅಂಗಡಿಯ ಹೆಸರು, ಊರು ಇರುತ್ತದೆ. ಹಳ್ಳಿಯಲ್ಲಿ ಸತ್ತವನಿಗೆ ಮದರಾಸಿನಿಂದ ಕಲ್ಲು ತರಿಸಿದ್ದಾರೆಂದರೆ ಅಲ್ಲಿ ನೆಂಟರಿದ್ದರು, ಕೈಯಲ್ಲಿ ಕಾಸೂ ಇತ್ತು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ಮಾಡುತ್ತದೆ, ಮರಗಳ ಕೆಳಗೆ ಇನ್ನೂ ಹೆಚ್ಚು. ಒತ್ತೊತ್ತಾಗಿರುವ ಸಮಾಧಿಗಳಲ್ಲಿ ಅಷ್ಟೇ ಸಾಕು ಅಜ್ಜ ಅದಲುಬದಲಾಗಲು. ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆದ ನಕ್ಷೆಗೆ ಬದಲಿ ಇಲ್ಲ.

ಕಲ್ಲಿನಲ್ಲಿ ಬರೆದದ್ದೆಲ್ಲ ನಿಜವೂ ಅಲ್ಲ. ಶ್ರೀರಂಗಪಟ್ಟಣದಲ್ಲೇ ಕರ್ನಲ್ ವಿಲಿಯಂ ಬೇಲಿಯ ಸ್ಮಾರಕವಿದೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರನಿಗೆ ಸೆರೆಸಿಕ್ಕ ಬೇಲಿ 1782ರ ನವೆಂಬರಿನಲ್ಲಿ ಬಂಧನದಲ್ಲೇ ಸತ್ತ. ಸ್ಮಾರಕ ಕಟ್ಟಿಸಿದ್ದು ಅವನ ಸಂಬಂಧಿ, ಲಖನೌದಲ್ಲಿ ರೆಸಿಡೆಂಟ್ ಆಗಿದ್ದ ಜಾನ್ ಬೇಲಿ, 1816ರಲ್ಲಿ. ಸಾವಿಗೂ ಕಲ್ಲಿಗೂ ನಡುವೆ ಮೂವತ್ತನಾಲ್ಕು ವರ್ಷ. ಸತ್ತವನ ವಿಷಯದಲ್ಲಿ ಇಂಥ ಕಲ್ಲಿನ ಸಾಕ್ಷ್ಯ ಕೇಳಿದ ಮಾತಿನ ಸಾಕ್ಷ್ಯ. ಆದರೆ ಕಟ್ಟಿಸಿದವನ ವಿಷಯದಲ್ಲಿ ಅದು ಗಟ್ಟಿ ದಾಖಲೆ. ಈತ ತನ್ನ ಸಂಬಂಧಿ ಎಂದು ಅವನೇ ಖರ್ಚು ಮಾಡಿ ಹೇಳಿದ್ದಾನೆ. ಸಮಾಧಿಯ ಮೇಲೆ ‘ಕಟ್ಟಿಸಿದವರು’ ಎಂಬ ಸಾಲು ಸಿಕ್ಕರೆ ವಂಶಾವಳಿ ಬರೆಯುವವರು ಮೊದಲು ಓದುವುದು ಅದನ್ನೇ.

ಸಂಬಂಧ ತಿಳಿದಾಗ ಹಳೆಯ ಪರಿಚಯದ ಹೆಸರೂ ಹೊಸದಾಗಿ ಕಾಣುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ನಮ್ಮ ಲಾವಣಿ, ನಾಟಕಗಳಲ್ಲಿ ಖಳ. ಧಾರವಾಡದಲ್ಲಿ ಅವನ ನೆನಪಿನ ಸ್ತಂಭವಿದೆ. ಅವನು ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಕಿತ್ತೂರಿನ ಕಾಳಗ ನಡೆದಾಗ ಕಲ್ಕತ್ತೆಯಲ್ಲಿ ಹುಟ್ಟಿದ್ದ ಆ ಹುಡುಗನಿಗೆ ಹದಿಮೂರು ವರ್ಷ.

ಕಲ್ಲಿನ ಭಾಷೆಯಲ್ಲೂ ಕೆಲವು ಗುಟ್ಟುಗಳಿವೆ. ಸತ್ತವಳನ್ನು ಇಂಥವನ ‘ರೆಲಿಕ್ಟ್’ ಎಂದಿದ್ದರೆ ಗಂಡ ಮೊದಲೇ ಹೋಗಿದ್ದ, ಅವನ ಸಮಾಧಿಯನ್ನು ಹಿಂದಿನ ವರ್ಷಗಳಲ್ಲಿ ಹುಡುಕಬೇಕು. ‘ಕಾನ್ಸರ್ಟ್’ ಎಂದಿದ್ದರೆ ಸಾಮಾನ್ಯವಾಗಿ ಅವನಿನ್ನೂ ಬದುಕಿದ್ದ. ವಯಸ್ಸನ್ನು ದಿನದ ಲೆಕ್ಕದವರೆಗೂ ಕೆತ್ತುವುದು ಆ ಕಾಲದ ರೂಢಿ. 1838ರ ಜೂನ್ 12ರಂದು 2 ವರ್ಷ 4 ತಿಂಗಳು 20 ದಿನದ ಮಗು ತೀರಿಕೊಂಡಿತು ಎಂದು ಬರೆದಿದೆ ಎನ್ನೋಣ. ಹಿಂದಕ್ಕೆ ಕಳೆಯುತ್ತ ಹೋದರೆ ಹುಟ್ಟಿದ್ದು 1836ರ ಜನವರಿ 23. ತಿಂಗಳಿಗೆ ಮೂವತ್ತೇ ದಿನ ಎಂದು ಕಳೆದರೆ 22. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೆ ಅದು ಬೇರೆ ಮಗು ಎಂದು ಗಾಬರಿಯಾಗಬೇಕಿಲ್ಲ.

ಪುಸ್ತಕದ ಮಾತು ಬಂತು. ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಕಾಲದ ಪಾದ್ರಿಗಳು ತಾವು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಯನ್ನು ಪ್ರಾಂತ್ಯದ ಮೂಲಕ ಲಂಡನ್ನಿಗೆ ಕಳಿಸಬೇಕಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮದರಾಸಿನವು ಎನ್/2 ಎಂಬ ವಿಭಾಗದಲ್ಲಿ. ಐಸಿಎಸ್ ಅಧಿಕಾರಿ ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಮದರಾಸ್ ಪ್ರಾಂತ್ಯದ ಸಮಾಧಿ ಬರಹಗಳ ಪಟ್ಟಿಯನ್ನೇ ಪ್ರಕಟಿಸಿದ. ನಮ್ಮ ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯದಲ್ಲಿದ್ದವು. ಅಂದು ಓದಲು ಬರುತ್ತಿದ್ದ, ಇಂದು ಮಳೆ ಅಳಿಸಿದ ಸಾಲುಗಳು ಅಂಥ ಪಟ್ಟಿಗಳಲ್ಲಿ ಸಿಗುವುದುಂಟು. 1976ರಲ್ಲಿ ಲಂಡನ್ನಿನಲ್ಲಿ ಥಿಯಾನ್ ವಿಲ್ಕಿನ್ಸನ್ ಹುಟ್ಟುಹಾಕಿದ ದಕ್ಷಿಣ ಏಷ್ಯಾದ ಸ್ಮಶಾನಗಳ ಸಂಘ ಇಂಥ ಜಾಗಗಳ ಚಿತ್ರ, ಬರಹಗಳನ್ನು ಕೂಡಿಡುತ್ತ ಬಂದಿದೆ. ಕಲ್ಲು, ರಿಜಿಸ್ಟರು, ಹಳೆಯ ಪಟ್ಟಿ ಮೂರೂ ಒಂದೇ ಮಾತು ಹೇಳಿದರೆ ನೆಮ್ಮದಿ. ಒಂದು ಬೇರೆ ಹೇಳಿದರೆ ಕುತೂಹಲ ಹೆಚ್ಚುತ್ತದೆ.

ಕೋಲಾರದ ಚಿನ್ನದ ಗಣಿಯ ಹಳೆಯ ಯುರೋಪಿಯನ್ ಸ್ಮಶಾನದ ಕತೆ ದಂಡಿನ ಸ್ಮಶಾನಗಳಿಗಿಂತ ಬೇರೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಾಗ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳು ಸೊರಗಿದ್ದವು. ಅಲ್ಲಿನ ಗಣಿಗಾರರು ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಾ, ಮೆಕ್ಸಿಕೊಗಳಿಗೆ ಹೋದ ಹಾಗೆಯೇ ಕೆಜಿಎಫ್‌ಗೂ ಬಂದರು. ‘ಟ್ರೆ’, ‘ಪೋಲ್’, ‘ಪೆನ್’ ಎಂದು ಶುರುವಾಗುವ ಮನೆತನದ ಹೆಸರು ಫಲಕದ ಮೇಲೆ ಕಂಡರೆ ಅವನ ಊರನ್ನು ಕಾರ್ನ್‌ವಾಲ್‌ನಲ್ಲಿ ಹುಡುಕಲು ಶುರು ಮಾಡಬಹುದು. ದಂಡಿನವನಿಗೆ ಪಡೆಯ ದಾಖಲೆ ಇರುತ್ತದೆ, ಗಣಿಯವನಿಗೆ ಅಂಥ ಬೆನ್ನಾಸರೆ ಕಡಿಮೆ. ಆದ್ದರಿಂದ ಅಲ್ಲಿ ಕಲ್ಲಿನ ಬೆಲೆ ಹೆಚ್ಚು.

ಆ ಕಲ್ಲುಗಳ ಮುಂದೆ ನಿಂತಾಗ ಇನ್ನೊಂದು ಲೆಕ್ಕವೂ ಏಳುತ್ತದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಸುರಂಗಗಳಲ್ಲಿ ಬಂಡೆ ಸಿಡಿದು, ದೂಳು ಕುಡಿದು ಸತ್ತವರಲ್ಲಿ ಬಹುಪಾಲು ತಮಿಳು, ತೆಲುಗು, ಕನ್ನಡದ ಕೂಲಿಯವರು. ಅವರಿಗೆ ಅಮೃತಶಿಲೆಯ ಫಲಕ ಇಲ್ಲ. ಶ್ರೀರಂಗಪಟ್ಟಣದಲ್ಲೂ ಅಷ್ಟೇ. ಮುತ್ತಿಗೆ ಹಾಕಿದ ಕಂಪನಿ ಸೈನ್ಯದಲ್ಲಿ ಹೆಚ್ಚಿನವರು ದೇಶೀಯ ಸಿಪಾಯಿಗಳು, ಕೋಟೆಯೊಳಗೆ ಟಿಪ್ಪುವಿನ ಪರ ಸತ್ತವರು ಸಾವಿರಾರು. ಗೋರಿಯ ಸಾಲಿನಲ್ಲಿ ಅವರ ಹೆಸರಿಲ್ಲ. ಅಧಿಕಾರಿಗಳ ಜತೆ ಸಂಸಾರ ಮಾಡಿ, ಮಕ್ಕಳನ್ನು ಹೆತ್ತ ಈ ನೆಲದ ಹೆಂಗಸರ ಹೆಸರು ಮಕ್ಕಳ ದೀಕ್ಷಾಸ್ನಾನದ ಪುಸ್ತಕದಲ್ಲೇ ಎಷ್ಟೋ ಸಲ ಇಲ್ಲ, ಇನ್ನು ಕಲ್ಲಿನ ಮೇಲೆ ಎಲ್ಲಿಂದ ಬರಬೇಕು? ಇಂಗ್ಲೆಂಡಿನಲ್ಲಿ ವಂಶಾವಳಿ ಹುಡುಕುತ್ತ ಹೊರಟ ಎಷ್ಟೋ ಮನೆತನಗಳ ದಾರಿ ಮದರಾಸು ಪ್ರಾಂತ್ಯದ ಇಂಥ ಹೆಸರಿಲ್ಲದ ಅಜ್ಜಿಯ ಬಳಿ ಬಂದು ಕಡಿದುಹೋಗುತ್ತದೆ.

ನಮ್ಮಲ್ಲೂ ಕಲ್ಲು ನಿಲ್ಲಿಸುವ ಅಭ್ಯಾಸ ಹೊಸದೇನಲ್ಲ. ವೀರಗಲ್ಲು, ಮಾಸ್ತಿಗಲ್ಲುಗಳಲ್ಲಿ ಸತ್ತವರ ಹೆಸರಿನೊಡನೆ ತಂದೆಯ ಹೆಸರು, ಒಡೆಯನ ಹೆಸರು, ಉಂಬಳಿ ಕೊಟ್ಟ ಹೊಲ ಎಲ್ಲ ಸಿಗುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನದು. ನಾಯಿಗೂ ಹೆಸರು ಹಾಕಿ ಕಲ್ಲು ನೆಟ್ಟ ನಾಡಿನಲ್ಲಿ ನೂರು ವರ್ಷದ ಹಿಂದಿನ ಅಜ್ಜಿಯ ಹೆಸರು ಸಿಗದಿರುವುದು ವಿಚಿತ್ರವೇ. ಹಳೆ ಮೈಸೂರಿನ ಕಡೆ ಸ್ವಂತ ಹೊಲದಲ್ಲೇ ಹೂಳುತ್ತಾರೆ. ಲಿಂಗಾಯತರು ಕೂರಿಸಿ ಹೂತು ಗದ್ದುಗೆ ಕಟ್ಟುತ್ತಾರೆ. ಅಲ್ಲಿ ಬರಹವಿಲ್ಲದ ಕಲ್ಲುಗಳೇ ಹೆಚ್ಚು. ಮೈಸೂರು ಪೇಟ ಸುತ್ತಿದ ಫೋಟೊ ಕೊರೆಸಿ, ಕರಿ ಗ್ರಾನೈಟಿನಲ್ಲಿ ‘ಲಿಂಗೈಕ್ಯ’, ‘ಸ್ವರ್ಗಸ್ಥ’ ಎಂದು ಬರೆಸುವುದು ಇತ್ತೀಚಿನದು. ಕರಾವಳಿಯ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಜಾಗದ ಅಭಾವಕ್ಕೆ ಒಂದೇ ಗುಂಡಿಯನ್ನು ಕೆಲವು ವರ್ಷಗಳ ಮೇಲೆ ಮತ್ತೊಬ್ಬರಿಗೆ ಕೊಡುತ್ತಾರೆ. ಅಲ್ಲಿ ಕಲ್ಲಿಗಿಂತ ಇಗರ್ಜಿಯ ಪುಸ್ತಕವೇ ಗತಿ.

ಬರಹವಿದ್ದರೂ ತಾರೀಖು ಸುಲಭವಲ್ಲ. ‘ಪ್ಲವ ಸಂವತ್ಸರ, ಕಾರ್ತಿಕ ಬಹುಳ’ ಎಂದಷ್ಟೇ ಇದ್ದರೆ ಯಾವ ಪ್ಲವ? ಅರವತ್ತು ವರ್ಷಕ್ಕೊಮ್ಮೆ ಸಂವತ್ಸರ ಮರಳುತ್ತದೆ. 2021–22 ಪ್ಲವ, 1961–62 ಪ್ಲವ, 1901–02 ಕೂಡ ಪ್ಲವ. ತಿಥಿಯ ಜತೆ ವಾರವನ್ನೂ ಕೆತ್ತಿಸಿದ್ದರೆ ಪಂಚಾಂಗ ತೆಗೆದು ನೋಡಬಹುದು, ತಿಥಿ–ವಾರ ಎರಡೂ ಹೊಂದುವ ವರ್ಷ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ. ವಾರ ಇಲ್ಲದಿದ್ದರೆ ಮತ್ತೆ ಪಕ್ಕದ ಕಲ್ಲನ್ನೇ ಕೇಳಬೇಕು. ಉಳಿಯ ಏಟೋ, ಯಂತ್ರದ ಕೊರೆತವೋ? ಪಕ್ಕದವನು ಮಗನೋ, ಅಣ್ಣನೋ?

ಹಳ್ಳಿಯಲ್ಲಿ ಹಳೆಯ ಕಲ್ಲಿನ ಸುತ್ತ ಕನ್ನಡಿ ಹಿಡಿದು ಓಡಾಡುವವರಿಗೆ ಹಾವು, ಲಂಟಾನ ಮುಳ್ಳಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ದನ ಮೇಯಿಸುವ ಹಿರಿಯರೊಬ್ಬರು ಸ್ವಲ್ಪ ಹೊತ್ತು ದೂರದಿಂದ ನೋಡಿ, ಹತ್ತಿರ ಬಂದು ಕೇಳುತ್ತಾರೆ: “ಏನ್ ಸಾಮಿ, ಇಲ್ಲಿ ನಿಧಿ ಗಿಧಿ ಅದೆ ಅಂತ ಯಾರಾರ ಯೋಳವ್ರಾ?” ತಮಾಷೆಗೆ ಕೇಳಿದ್ದೆಂದು ನಕ್ಕು ಸುಮ್ಮನಾಗುವಂತಿಲ್ಲ. ನಿಧಿಯಾಸೆಗೆ ವೀರಗಲ್ಲು ಕಿತ್ತು, ಗುಡಿಯ ಬುಡ ಅಗೆದವರ ಸುದ್ದಿ ವರ್ಷವಿಡೀ ಪತ್ರಿಕೆಯಲ್ಲಿರುತ್ತದೆ. “ಇಲ್ಲ ಯಜಮಾನ್ರೆ, ಬರಿ ಹೆಸರು ಓದೋಕೆ ಬಂದಿದ್ದೀವಿ” ಎಂದರೆ ಸಾಲದು, ಊರಿನವರೊಬ್ಬರನ್ನು ಜತೆಗೇ ಕರೆದುಕೊಂಡು ಹೋಗಬೇಕು. ಚರ್ಚಿನ ಜಾಗವಾದರೆ ಪಾದ್ರಿಗಳಿಗೆ, ಎಸ್ಟೇಟಿನೊಳಗಾದರೆ ಮಾಲೀಕರಿಗೆ, ಹೊಲವಾದರೆ ಹೊಲದವರಿಗೆ ಮೊದಲು ತಿಳಿಸಬೇಕು. ಹೊಸ ಗುಡ್ಡೆಯ ಚಿತ್ರ ತೆಗೆಯಲೇಬಾರದು. ಹಾಗೆ ಜತೆಗೆ ಬಂದ ಯಜಮಾನರೇ ಆಮೇಲೆ ‘ಅಲ್ನೋಡಿ, ಆ ಕತ್ತಾಳೆ ಪೊದೆ ಒಳಗೂ ಒಂದದೆ’ ಎಂದು ತೋರಿಸಿಕೊಡುತ್ತಾರೆ.

ವಂಶ ಹೇಳುವುದನ್ನೇ ಕಸುಬು ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ಹೆಳವರು. ಕೆಲವು ವರ್ಷಗಳಿಗೊಮ್ಮೆ ಎತ್ತಿನೊಡನೆ ತಮ್ಮ ಒಕ್ಕಲು ಮನೆಗಳಿಗೆ ಬಂದು, ಅಂಗಳದಲ್ಲಿ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ಸಿಕ್ಕರೆ ಒಂದು ಕರು ಪಡೆದು ಮುಂದಿನ ಊರಿಗೆ ಹೊರಡುತ್ತಾರೆ. ಹಿಂದೆ ತಾಮ್ರದ ಹಾಳೆ, ಓಲೆಗರಿ, ಈಗ ದಪ್ಪ ರಿಜಿಸ್ಟರು. ಕಲ್ಲು ಸತ್ತದ್ದನ್ನು ಹೇಳುತ್ತದೆ, ಹೆಳವರ ಪುಸ್ತಕ ಯಾರಿಗೆ ಯಾರು ಹುಟ್ಟಿದರು, ಯಾವ ಊರಿನಿಂದ ಯಾವ ಊರಿಗೆ ಬಂದರು ಎಂಬುದನ್ನು ಹೇಳುತ್ತದೆ. ಹೊಲದ ಗುಡ್ಡೆಗಳ ಚಿತ್ರ ಮತ್ತು ಆ ರಿಜಿಸ್ಟರಿನ ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೆಸರಿಲ್ಲದ ಕಲ್ಲುಗಳಲ್ಲಿ ಕೆಲವಕ್ಕಾದರೂ ಹೆಸರು ಹೊಂದಿಸಬಹುದು. ಆದರೆ ಕಸುಬು ಬಿಟ್ಟು ಪಟ್ಟಣದ ಕೆಲಸ ಹಿಡಿದ ಮನೆಗಳಲ್ಲಿ ಆ ರಿಜಿಸ್ಟರು ಟ್ರಂಕಿನೊಳಗೆ ಗೆದ್ದಲಿಗೆ ಸಿಗುತ್ತದೆ. ಹೆದ್ದಾರಿ ಅಗಲೀಕರಣಕ್ಕೆ, ಬಡಾವಣೆಗೆ, ಅಣೆಕಟ್ಟಿನ ಹಿನ್ನೀರಿಗೆ ಹೋದ ಹೊಲಗಳ ಜತೆ ಗುಡ್ಡೆಗಳೂ ಹೋಗುತ್ತವೆ. ಪರಿಹಾರದ ಪಟ್ಟಿಯಲ್ಲಿ ತೆಂಗಿನ ಮರಕ್ಕೆ ಇರುವ ಕಾಲಂ ಅಜ್ಜಿಯ ಕಲ್ಲಿಗೆ ಇರುವುದಿಲ್ಲ.

ಮಾಡುವುದಿದ್ದರೆ ಮಹಾಲಯ ಅಮಾವಾಸ್ಯೆಗೋ ದೀಪಾವಳಿಗೋ, ಹಿರಿಯರ ಪೂಜೆಗೆಂದು ಮನೆಮಂದಿಯೆಲ್ಲ ಊರು ಸೇರುವ ದಿನ ನೋಡಿ. ಗುಡ್ಡೆಯ ಸುತ್ತ ಅಂದು ಪೊದೆ ಕಡಿದಿರುತ್ತಾರೆ, ನೀರು ಚಿಮುಕಿಸಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುವ ಬಾಯಿಗಳೂ ಇರುತ್ತವೆ. ಅರಿಶಿನ ಕುಂಕುಮ ಹಚ್ಚುವ ಮೊದಲೇ ಕಲ್ಲಿನ ಚಿತ್ರ ತೆಗೆದುಕೊಳ್ಳಿ. ಆಮೇಲೆ ಮೊಬೈಲಿನ ರೆಕಾರ್ಡರ್ ಹಾಕಿ, ಒಂದೊಂದೇ ಕಲ್ಲು ಮುಟ್ಟಿ, “ಇದರ ಪಕ್ಕದ್ದು ಯಾರದು?” ಎಂದು ಕೇಳುತ್ತ ಹೋಗಿ. ದೊಡ್ಡಪ್ಪ “ನಮ್ಮಜ್ಜನ ಮೊದಲನೇ ಹೆಂಡ್ತಿದು” ಎನ್ನುತ್ತಾರೆ. ಹಿಂದಿನಿಂದ ಸೋದರತ್ತೆ, “ಅಲ್ಲ ಕಣಣ್ಣ, ಅದು ಅಜ್ಜನ ತಂಗಿದು, ಬಾಣಂತನದಲ್ಲಿ ಹೋದಳಲ್ಲ, ಅವಳದು” ಎಂದು ತಿದ್ದುತ್ತಾರೆ. ದೊಡ್ಡಪ್ಪ ಒಪ್ಪುವುದಿಲ್ಲ. ನೀವು ತೀರ್ಪು ಕೊಡಲು ಹೋಗಬೇಡಿ. ಇಬ್ಬರ ಮಾತನ್ನೂ, ಹೇಳಿದವರು ಯಾರು ಎಂಬುದರ ಸಮೇತ, ಆ ದಿನದ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.